ಹಿತ್ತಲಿಗೆ ಯಾವ ಹಣ್ಣಿನ ಗಿಡ?

ಏಳೆಂಟು ವರ್ಷ ನೀರೆರೆದು ಬೆಳೆಸಿದ ಮುರುಗಲು ಮರ ಕೊನೆಗೂ ಹೂ ಬಿಡುತ್ತದೆ, ಆದರೆ ಒಂದೂ ಕಾಯಿ ಕಟ್ಟುವುದಿಲ್ಲ. ಸವಿಯಾದ ಬಾದಾಮಿ ಮಾವು ತಿಂದು ವಾಟೆಯನ್ನು ಹಿತ್ತಲಲ್ಲಿ ಹೂತಿದ್ದರೆ, ಆ ಗಿಡ ದೊಡ್ಡದಾಗಿ ಬಿಡುವ ಹಣ್ಣು ನಾರು ನಾರಾಗಿ ಹುಳಿಯಿರುತ್ತದೆ. ಆಸೆಪಟ್ಟು ತಂದ ಸೇಬಿನ ಗಿಡ ಬೆಂಗಳೂರಿನ ಅಂಗಳದಲ್ಲಿ ಎಲೆ ಬಿಡುತ್ತದೆಯೇ ಹೊರತು ಹೂವಿನ ಸುಳಿವೇ ಇರುವುದಿಲ್ಲ. ಇಂಥ ಮನೆಗಳಲ್ಲಿ ‘ನಮ್ಮ ಕೈಗುಣ ಸರಿಯಿಲ್ಲ’, ‘ಈ ಮಣ್ಣಿಗೆ ಏನೂ ಬರುವುದಿಲ್ಲ’ ಎಂಬ ಮಾತು ಕೇಳಿಬರುತ್ತದೆ. ನಿಜವಾದ ಕಾರಣ ಬೇರೆ. ಮುರುಗಲು ಗಂಡು ಮರವಾಗಿತ್ತು. ಬಾದಾಮಿಯ ವಾಟೆಯೊಳಗೆ ಬೇರೆಯೇ ಮಾವು ಅಡಗಿತ್ತು. ಸೇಬಿಗೆ ಬೇಕಾದ ಚಳಿ ಆ ಊರಿಗೆ ಎಂದೂ ಬರುವುದಿಲ್ಲ. ಈ ಮೂರೂ ಸೋಲುಗಳು ಗಿಡ ನೆಟ್ಟ ದಿನವೇ ತೀರ್ಮಾನವಾಗಿದ್ದವು.

ತರಕಾರಿಯಲ್ಲಿ ಆಯ್ಕೆ ತಪ್ಪಿದರೆ ಮೂರು ತಿಂಗಳಲ್ಲಿ ಸರಿಪಡಿಸಿಕೊಳ್ಳಬಹುದು. ಹಣ್ಣಿನ ಮರ ತಪ್ಪಿದರೆ ಹತ್ತು ವರ್ಷ ಹೋಗುತ್ತದೆ. ಹಾಗಾಗಿ ಗೊಬ್ಬರ, ಔಷಧಿಗಳ ಯೋಚನೆಗೂ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ಗಿಡ ಹುಟ್ಟಿದ್ದು ಬೀಜದಿಂದಲೋ ಕಸಿಯಿಂದಲೋ? ಅದರ ಹೂವಿಗೆ ಜೊತೆ ಬೇಕೋ ಬೇಡವೋ? ನಮ್ಮೂರಿನ ಹವೆ ಅದಕ್ಕೆ ಒಗ್ಗುತ್ತದೆಯೋ? ನಮ್ಮಲ್ಲಿರುವ ಜಾಗ ಸಾಲುತ್ತದೆಯೋ?

ವಾಟೆಯೊಳಗಿನ ಗುಟ್ಟು

ಮಾವಿನ ಹಣ್ಣಿನ ತಿರುಳು ಪೂರ್ತಿಯಾಗಿ ತಾಯಿಮರದ್ದು. ಆದ್ದರಿಂದಲೇ ಒಂದು ಮರದ ಹಣ್ಣೆಲ್ಲ ಒಂದೇ ರುಚಿ. ವಾಟೆಯೊಳಗಿನ ಭ್ರೂಣಕ್ಕೆ ಮಾತ್ರ ತಂದೆಯೂ ಉಂಟು. ನೊಣವೋ ಜೇನೋ ಪಕ್ಕದ ತೋಟದ ಯಾವುದೋ ಮರದಿಂದ ಹೊತ್ತು ತಂದ ಪರಾಗದಿಂದ ಅದು ಹುಟ್ಟಿರುತ್ತದೆ. ಮಾವಿನ ವಂಶವಾಹಿಗಳಲ್ಲಿ ಎಷ್ಟೋ ತಲೆಮಾರುಗಳ ಬೆರಕೆ ಇರುವುದರಿಂದ ಪ್ರತಿ ವಾಟೆಯಲ್ಲೂ ಹೊಸದೊಂದು ಜೋಡಣೆ ಆಗುತ್ತದೆ. ಬಾದಾಮಿ, ರಸಪುರಿ, ಮಲ್ಲಿಕಾ ತಳಿಗಳ ವಾಟೆಯಲ್ಲಿ ಇರುವುದು ಇಂಥ ಒಂದೇ ಭ್ರೂಣ. ಅವುಗಳಿಂದ ಹುಟ್ಟಿದ ಸಸಿ ತಾಯಿಯನ್ನು ಹೋಲುವುದು ಅಪರೂಪ.

ಪಶ್ಚಿಮ ಕರಾವಳಿಯ ಓಲೂರ್, ಬಪ್ಪಕಾಯಿಯಂಥ ಮಾವುಗಳ ಕಥೆ ಬೇರೆ. ಇವುಗಳ ಒಂದೇ ವಾಟೆಯಿಂದ ಎರಡು ಮೂರು ಮೊಳಕೆ ಏಳುತ್ತವೆ. ಭ್ರೂಣವನ್ನು ಸುತ್ತುವರಿದ ತಾಯಿಯ ಅಂಗಾಂಶದಿಂದಲೇ ಹೆಚ್ಚುವರಿ ಭ್ರೂಣಗಳು ಹುಟ್ಟುತ್ತವೆ. ಅವುಗಳಲ್ಲಿ ತಂದೆಯ ಪಾಲು ಇರುವುದಿಲ್ಲ, ಹಾಗಾಗಿ ಅವು ತಾಯಿಯ ತದ್ರೂಪು. ನಾವು ದಿನವೂ ಬಳಸುವ ನಿಂಬೆಯಲ್ಲೂ ಇದೇ ನಡೆಯುತ್ತದೆ. ನಿಂಬೆಯ ಬೀಜ ಹಾಕಿದರೆ ಬಹುಮಟ್ಟಿಗೆ ಅದೇ ನಿಂಬೆ ಬರುತ್ತದೆ. ಆದರೆ ಬೀಜದ ಗಿಡ ಎಳೆಯ ಹಂತದಲ್ಲಿ ಹೆಚ್ಚು ಮುಳ್ಳು ಬಿಡುತ್ತದೆ, ಹೂವಿಗೆ ಹೆಚ್ಚು ಕಾಯಿಸುತ್ತದೆ.

ಈ ಕಾಯುವಿಕೆಗೂ ಕಾರಣವಿದೆ. ಬೀಜದಿಂದ ಹುಟ್ಟಿದ ಮರಕ್ಕೆ ಒಂದು ಬಾಲ್ಯವಿದೆ. ಆ ಅವಧಿಯಲ್ಲಿ ಎಷ್ಟೇ ಗೊಬ್ಬರ ಹಾಕಿದರೂ ಅದು ಹೂ ಬಿಡುವುದಿಲ್ಲ. ಮಾವಿನಲ್ಲಿ ಈ ಬಾಲ್ಯ ಆರೆಂಟು ವರ್ಷ ನಡೆಯುವುದುಂಟು. ಫಲ ಕೊಡುತ್ತಿರುವ ಮರದ ರೆಂಬೆಯಾದರೋ ಬಾಲ್ಯವನ್ನು ದಾಟಿ ಆಗಿದೆ. ಅದರಿಂದ ತೆಗೆದ ಕಸಿಕಡ್ಡಿ ಬೇರೊಂದು ಬುಡದ ಮೇಲೆ ಕೂತಾಗಲೂ ತನ್ನ ವಯಸ್ಸನ್ನು ಉಳಿಸಿಕೊಳ್ಳುತ್ತದೆ. ಕಸಿ ಮಾವು ಮೂರು ನಾಲ್ಕು ವರ್ಷಕ್ಕೇ ಫಲಕ್ಕೆ ಬರುವುದು ಹೀಗೆ. ತೊಗಟೆಗೂ ಕಟ್ಟಿಗೆಗೂ ನಡುವೆ ಕೇಂಬಿಯಂ ಎಂಬ ತೆಳುವಾದ ಜೀವಂತ ಪದರ ಇರುತ್ತದೆ. ಎರಡು ಗಿಡಗಳ ಈ ಪದರಗಳು ಒಂದಕ್ಕೊಂದು ತಾಗುವಂತೆ ಕಟ್ಟಿದರೆ ಗಾಯದಿಂದ ಹೊಸ ಕೋಶಗಳು ಹುಟ್ಟಿ, ನೀರು ಮತ್ತು ಆಹಾರದ ನಾಳಗಳು ಬೆಸೆದುಕೊಳ್ಳುತ್ತವೆ.

ದಾಳಿಂಬೆ, ಸೀಬೆ, ನಿಂಬೆಗಳಲ್ಲಿ ಗೂಟಿ ಕಟ್ಟುವುದೂ ರೂಢಿಯಲ್ಲಿದೆ. ರೆಂಬೆಯ ಸುತ್ತ ಎರಡು ಮೂರು ಸೆಂಟಿಮೀಟರ್ ಅಗಲಕ್ಕೆ ತೊಗಟೆ ಬಿಡಿಸಿ, ತೇವದ ತೆಂಗಿನ ನಾರಿನ ಪುಡಿಯನ್ನು ಸುತ್ತಿ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಕಟ್ಟುತ್ತಾರೆ. ಎಲೆಗಳು ತಯಾರಿಸಿದ ಸಕ್ಕರೆಯೂ ಆಕ್ಸಿನ್ ಎಂಬ ಹಾರ್ಮೋನೂ ತೊಗಟೆಯ ಮೂಲಕ ಕೆಳಗಿಳಿಯುತ್ತಿರುತ್ತವೆ. ದಾರಿ ಕಡಿದ ಜಾಗದಲ್ಲಿ ಅವು ತಡೆದು ನಿಂತು ಅಲ್ಲಿಯೇ ಬೇರು ಹೊರಡಿಸುತ್ತವೆ. ಒಂದೆರಡು ತಿಂಗಳಲ್ಲಿ ತಾಯಿಯ ಗುಣವಿರುವ ಹೊಸ ಗಿಡ ಸಿದ್ಧ.

ಕಸಿಯ ಬೆಲೆಯನ್ನು ನಮ್ಮ ನಾಡು ಚೆನ್ನಾಗಿ ಬಲ್ಲದು. ಸಾಗರ, ಸಿರ್ಸಿ, ಸಿದ್ದಾಪುರ ಕಡೆಯ ಹೊಳೆದಂಡೆಗಳ ಅಪ್ಪೆಮಿಡಿ ಮರಗಳಲ್ಲಿ ಒಂದೊಂದಕ್ಕೆ ಒಂದೊಂದು ಪರಿಮಳ. ಮರ ಬಿದ್ದರೆ ಆ ಪರಿಮಳವೂ ಹೋದಂತೆ. ಕಸಿ ಕಟ್ಟಿದ್ದರಿಂದ ಎಷ್ಟೋ ಮಿಡಿಗಳು ಮನೆಗಳ ಹಿತ್ತಲಲ್ಲಿ ಉಳಿದುಕೊಂಡಿವೆ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನ ಒಂದೇ ಒಂದು ಮರ, ಕೆಂಪು ತೊಳೆಯ ‘ಸಿದ್ದು’ ಹಲಸಾಗಿ ಇಂದು ಊರೂರಿಗೆ ತಲುಪಿರುವುದೂ ಕಸಿಯಿಂದ. ಹಲಸಿನಲ್ಲಿ ಒಂದು ಮರದ ಪರಾಗ ಇನ್ನೊಂದಕ್ಕೆ ಸೇರುವುದೇ ಹೆಚ್ಚು. ಅದರ ಬೀಜ ಬಿತ್ತಿದರೆ ಸಿದ್ದು ಸಿಗುವುದಿಲ್ಲ.

ಗಂಡೋ ಹೆಣ್ಣೋ

ಮುರುಗಲು, ಅಂದರೆ ದಕ್ಷಿಣ ಕನ್ನಡದ ಪುನರ್ಪುಳಿಯಲ್ಲಿ ಗಂಡು ಹೂವು ಒಂದು ಮರದಲ್ಲಿ, ಹೆಣ್ಣು ಹೂವು ಇನ್ನೊಂದರಲ್ಲಿ. ಬೀಜದಿಂದ ಎದ್ದ ಸಸಿಗಳಲ್ಲಿ ಅರ್ಧದಷ್ಟು ಗಂಡಾಗುತ್ತವೆ. ಹೂ ಬಿಡುವವರೆಗೆ ಯಾವುದು ಯಾವುದೆಂದು ಕಣ್ಣಿನಿಂದ ಹೇಳಲಾಗದು. ಹೆಣ್ಣು ಮರದ ಕಡ್ಡಿಯಿಂದ ಮಾಡಿದ ಕಸಿಯೇ ಇದಕ್ಕೆ ಪರಿಹಾರ. ಅದರಲ್ಲೂ ನೇರವಾಗಿ ಮೇಲಕ್ಕೆ ಬೆಳೆಯುವ ಕುಡಿಯಿಂದ ಕಸಿ ಮಾಡಿರಬೇಕು. ಅಡ್ಡರೆಂಬೆಯ ಕಡ್ಡಿ ಹಾಕಿದ್ದರೆ ಗಿಡ ಮೇಲೇಳದೆ ನೆಲದ ಮಟ್ಟದಲ್ಲೇ ಹರಡಿಕೊಳ್ಳುತ್ತದೆ. ಸುತ್ತಮುತ್ತ ಗಂಡು ಮರ ಇಲ್ಲದ ಊರಿನಲ್ಲಿ ಒಂದು ಗಂಡು ಗಿಡವನ್ನೂ ನೆಡುವುದು ಒಳ್ಳೆಯದು.

ಪಪ್ಪಾಯಿಯಲ್ಲಿ ಗಂಡು, ಹೆಣ್ಣು, ದ್ವಿಲಿಂಗಿ ಎಂದು ಮೂರು ಬಗೆಯ ಗಿಡಗಳಿವೆ. ಕೆಲವು ತಳಿಗಳ ಬೀಜದಲ್ಲಿ ಗಂಡು ಹೆಣ್ಣು ಸಮಸಮ. ಅಂಥವನ್ನು ಗುಂಡಿಗೆ ಎರಡು ಮೂರರಂತೆ ನೆಟ್ಟು, ಹೂ ಬಂದ ಮೇಲೆ ಗಂಡುಗಳನ್ನು ಕಿತ್ತು ಹಾಕಬೇಕಾಗುತ್ತದೆ. ಆದರೆ ದ್ವಿಲಿಂಗಿ ಗಿಡದ ಹೂವಿಗೆ ದ್ವಿಲಿಂಗಿಯದೇ ಪರಾಗ ಬಿದ್ದು ಆದ ಬೀಜದಲ್ಲಿ ಗಂಡು ಹುಟ್ಟುವುದೇ ಇಲ್ಲ. ಮೂರರಲ್ಲಿ ಎರಡು ಪಾಲು ದ್ವಿಲಿಂಗಿ, ಒಂದು ಪಾಲು ಹೆಣ್ಣು, ಎಲ್ಲವೂ ಕಾಯಿ ಬಿಡುವಂಥವು. ಕೊಡಗಿನ ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದ ‘ಕೂರ್ಗ್ ಹನಿ ಡ್ಯೂ’, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಸೂರ್ಯ’, ‘ಅರ್ಕಾ ಪ್ರಭಾತ್’ ಇಂಥ ತಳಿಗಳು. ಎರಡೇ ಪಪ್ಪಾಯಿಗೆ ಜಾಗವಿರುವ ಮನೆಗೆ ಇವೇ ತಕ್ಕವು.

ಹೂವಿನ ಹೊತ್ತು

ಗಂಡು ಹೆಣ್ಣು ಭಾಗಗಳು ಒಂದೇ ಹೂವಿನಲ್ಲಿ ಇದ್ದರೂ ಅವು ಒಂದೇ ಹೊತ್ತಿಗೆ ಮಾಗಬೇಕೆಂದಿಲ್ಲ. ಕೊಡಗಿನ ತೋಟಗಳಲ್ಲಿ ಬೆಳೆಯುವ ಬೆಣ್ಣೆಹಣ್ಣಿನ ಹೂವು ಎರಡು ಬಾರಿ ತೆರೆಯುತ್ತದೆ. ಮೊದಲ ಸಲ ಹೆಣ್ಣಾಗಿ ತೆರೆದು ಮುಚ್ಚಿಕೊಳ್ಳುತ್ತದೆ, ಮರುದಿನ ಗಂಡಾಗಿ ತೆರೆಯುತ್ತದೆ. ‘ಎ’ ವರ್ಗದ ತಳಿಗಳು ಬೆಳಿಗ್ಗೆ ಹೆಣ್ಣು, ಮರುದಿನ ಮಧ್ಯಾಹ್ನ ಗಂಡು. ‘ಬಿ’ ವರ್ಗದವು ಮಧ್ಯಾಹ್ನ ಹೆಣ್ಣು, ಮರುದಿನ ಬೆಳಿಗ್ಗೆ ಗಂಡು. ಎರಡೂ ವರ್ಗದ ಗಿಡಗಳು ಹತ್ತಿರದಲ್ಲಿದ್ದರೆ ಒಂದರ ಪರಾಗ ಇನ್ನೊಂದಕ್ಕೆ ಸರಿಯಾದ ಹೊತ್ತಿಗೆ ಸಿಗುತ್ತದೆ. ಒಂಟಿ ಮರವೂ ಅಷ್ಟಿಷ್ಟು ಕಾಯಿ ಕಟ್ಟಬಹುದು, ಜೋಡಿಯಿದ್ದರೆ ಫಸಲು ಹೆಚ್ಚು.

ಸೀತಾಫಲದಲ್ಲೂ ಮೊದಲು ಹೆಣ್ಣು ಭಾಗ ಮಾಗುತ್ತದೆ, ಆಮೇಲೆ ಪರಾಗ ಉದುರುತ್ತದೆ. ಇದರ ಪರಾಗ ಸಾಗಿಸುವುದು ಸಣ್ಣ ದುಂಬಿಗಳು. ಪೇಟೆಯಲ್ಲಿ ಅವು ಕಡಿಮೆ. ಗಿಡದ ತುಂಬ ಹೂವಿದ್ದೂ ನಾಲ್ಕೇ ಹಣ್ಣು ಸಿಗುತ್ತಿದ್ದರೆ ಒಂದು ಮೆತ್ತನೆಯ ಬಣ್ಣದ ಕುಂಚ ಸಾಕು. ಪೂರ್ತಿ ಅರಳಿದ ಹೂವಿನ ಪರಾಗವನ್ನು ಮಧ್ಯಾಹ್ನದ ಮೇಲೆ ಡಬ್ಬಿಗೆ ಉದುರಿಸಿಕೊಂಡು, ಮರುದಿನ ಬೆಳಿಗ್ಗೆ ಅರೆಬಿರಿದ ಹೂಗಳ ನಡುಭಾಗಕ್ಕೆ ಹಚ್ಚಬೇಕು. ಪರಾಗ ಎಲ್ಲ ಕಡೆ ತಾಗಿದ ಹೂವು ಗುಂಡಗಿನ, ತುಂಬಿದ ಹಣ್ಣಾಗುತ್ತದೆ.

ಬೆಟ್ಟದ ನೆಲ್ಲಿಯ ಕಸಿ ತಳಿಗಳು ತಮ್ಮದೇ ಪರಾಗದಿಂದ ಚೆನ್ನಾಗಿ ಕಾಯಿ ಕಟ್ಟುವುದಿಲ್ಲ, ಬೇರೆ ತಳಿಯ ಗಿಡವೊಂದು ಬಳಿಯಲ್ಲಿರಬೇಕು. ಹಳದಿ ಪ್ಯಾಶನ್ ಫ್ರೂಟ್ ಬಳ್ಳಿಯೂ ಹಾಗೆಯೇ, ನೇರಳೆ ಬಣ್ಣದ್ದಕ್ಕೆ ಮಾತ್ರ ಆ ತೊಂದರೆಯಿಲ್ಲ. ಮನೆಗೆ ನಾವು ಬೆಳೆಸುವ ಅಂಜೂರಕ್ಕೆ ಪರಾಗದ ಹಂಗೇ ಇಲ್ಲ, ಒಂಟಿ ಗಿಡ ತನ್ನಷ್ಟಕ್ಕೆ ಫಲ ಕೊಡುತ್ತದೆ. ಒಂದೇ ಗಿಡಕ್ಕೆ ಜಾಗವಿದ್ದರೆ ಅಂಜೂರ, ನಿಂಬೆ, ಸೀಬೆ, ದಾಳಿಂಬೆಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಜಾಣತನ.

ಊರಿನ ಹವೆ ಏನು ಹೇಳುತ್ತದೆ?

ಸೇಬು, ಪೀಚ್, ಪ್ಲಮ್‌ಗಳು ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ರೆಗೆ ಜಾರುವ ಮರಗಳು. ನಡುಚಳಿಯಲ್ಲಿ ಒಂದು ದಿನ ಬಿಸಿಲೇರಿತೆಂದು ಚಿಗುರಿದರೆ ಮುಂದಿನ ಹಿಮಕ್ಕೆ ಮೊಗ್ಗು ಸಾಯುತ್ತದೆ. ಹಾಗಾಗದಂತೆ, ತಂಪು ಎಷ್ಟು ಗಂಟೆ ಇತ್ತೆಂಬ ಲೆಕ್ಕ ಮೊಗ್ಗಿನೊಳಗೆ ಜಮೆಯಾಗುತ್ತ ಹೋಗುತ್ತದೆ. ಲೆಕ್ಕ ತುಂಬಿದ ಮೇಲೆಯೇ ನಿದ್ರೆ ಮುರಿಯುವುದು. ರೂಢಿಯ ಲೆಕ್ಕದಲ್ಲಿ 7.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಗಂಟೆಗಳನ್ನು ಎಣಿಸುತ್ತಾರೆ. ಹಿಮಾಲಯದ ಹಳೆಯ ಸೇಬು ತಳಿಗಳಿಗೆ ಇಂಥ ಸಾವಿರ ಗಂಟೆಗಳ ಆಸುಪಾಸು ಬೇಕು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂದರೆ ಈ ಲೆಕ್ಕದ ಒಂದು ಗಂಟೆಯೂ ಅಲ್ಲಿ ಸಿಗುವುದಿಲ್ಲ.

ಕಡಿಮೆ ಚಳಿ ಸಾಕೆನ್ನುವ ಸೇಬುಗಳೂ ಇವೆ. ಇಸ್ರೇಲಿನ ‘ಅನ್ನಾ’, ಹಿಮಾಚಲದ ತಗ್ಗಿನ ಬಿಸಿಲು ಪ್ರದೇಶವಾದ ಬಿಲಾಸ್‌ಪುರದಲ್ಲಿ ಹರಿಮನ್ ಶರ್ಮಾ ಅವರು ಬೆಳೆಸಿದ ‘ಎಚ್‌ಆರ್‌ಎಂಎನ್-99’ ಅಂಥವು. ಇಂಡೊನೇಷ್ಯಾದ ಜಾವಾ ದ್ವೀಪದ ಬೆಳೆಗಾರರು ಕೊಯ್ಲಾದ ಮೇಲೆ ಸೇಬಿನ ಗಿಡದ ಎಲೆಗಳನ್ನು ಕೈಯಿಂದಲೇ ಕಿತ್ತು, ಮೊಗ್ಗು ಗಾಢನಿದ್ರೆಗೆ ಹೋಗುವ ಮೊದಲೇ ಅದನ್ನು ಎಚ್ಚರಿಸುತ್ತಾರೆ. ಪ್ರಯೋಗದ ಹುಮ್ಮಸ್ಸಿದ್ದವರು ಇವನ್ನು ಮಾಡಿ ನೋಡಬಹುದು. ಮೊದಲ ಗಿಡವಾಗಿ ಮಾತ್ರ ಸೇಬು ಬೇಡ.

ನಮ್ಮ ನಾಡಿನೊಳಗೇ ಹವೆ ಎಷ್ಟು ಬಗೆ! ಮಾವು ಹೂ ಬಿಡಲು ಒಣಹವೆ, ತಂಪು ರಾತ್ರಿ ಬೇಕು. ಹೂವಿನ ಕಾಲದಲ್ಲಿ ಮಳೆ, ಮೋಡ ಹಿಡಿದರೆ ಬೂದಿರೋಗ, ಚಿಬ್ಬುರೋಗ ಬಂದು ಹೂಗೊಂಚಲು ಕಪ್ಪಾಗುತ್ತದೆ. ಮಲೆನಾಡು, ಕರಾವಳಿಯ ತೇವಕ್ಕೆ ಮುರುಗಲು, ಹಲಸು, ಜಂಬುನೇರಳೆ, ದೀವಿಹಲಸು, ರಂಬುಟಾನ್, ಮ್ಯಾಂಗೊಸ್ಟೀನ್ ಒಗ್ಗುತ್ತವೆ. ಬಯಲುಸೀಮೆಯ ಒಣಬಿಸಿಲಿಗೆ ದಾಳಿಂಬೆ, ಸೀತಾಫಲ, ಅಂಜೂರ, ಎಲಚಿ, ಬೆಟ್ಟದ ನೆಲ್ಲಿ ಹೇಳಿ ಮಾಡಿಸಿದಂಥವು. ಬೆಂಗಳೂರು, ಮೈಸೂರಿನ ಮಧ್ಯಮ ಹವೆಯಲ್ಲಿ ಸೀಬೆ, ಸಪೋಟ, ಚಕ್ಕೋತ, ಮಾವು ಚೆನ್ನಾಗಿ ಬರುತ್ತವೆ.

ಜಾಗದ ಲೆಕ್ಕ

ಮೂವತ್ತು ನಲವತ್ತರ ನಿವೇಶನವೆಂದರೆ ಸುಮಾರು 9 ಮೀಟರ್ ಅಗಲ, 12 ಮೀಟರ್ ಉದ್ದ. ತೋಟದಲ್ಲಿ ಮಾಮೂಲಿ ಮಾವಿಗೆ, ಹಲಸಿಗೆ ಗಿಡದಿಂದ ಗಿಡಕ್ಕೆ ಬಿಡುವ ಅಂತರವೇ 10 ಮೀಟರ್. ಅಂದರೆ ಮನೆ ಕಟ್ಟದೆ ಬಿಟ್ಟರೂ ಅಷ್ಟು ಜಾಗ ಒಂದೇ ಮರಕ್ಕೆ ಸರಿಹೋಗುತ್ತದೆ. ದಶಹರಿ ಮತ್ತು ನೀಲಂ ಸಂಕರದಿಂದ ದೆಹಲಿಯಲ್ಲಿ ರೂಪುಗೊಂಡ ‘ಆಮ್ರಪಾಲಿ’ ಗಿಡ್ಡತಳಿ. ಅದನ್ನು ಎರಡೂವರೆ ಮೀಟರ್ ಅಂತರದಲ್ಲೂ ನೆಡುತ್ತಾರೆ. ಪುಟ್ಟ ಅಂಗಳದಲ್ಲಿ ಮಾವು ಬೇಕೇಬೇಕು ಎನ್ನುವವರಿಗೆ ಇದು ಹೊಂದುತ್ತದೆ.

ಗಿಡವನ್ನು ಕೈಗೆಟಕುವ ಎತ್ತರದಲ್ಲಿ ಇಡುವುದು ಸವರುವಿಕೆ. ಹೂವು ಯಾವ ರೆಂಬೆಯಲ್ಲಿ ಬರುತ್ತದೆಂದು ತಿಳಿದು ಸವರಬೇಕು. ಸೀಬೆ, ಅಂಜೂರ, ಹಿಪ್ಪುನೇರಳೆ ಹೊಸ ಚಿಗುರಿನಲ್ಲಿ ಹೂ ಬಿಡುವುದರಿಂದ ಸವರಿದಷ್ಟೂ ಫಲ. ಮಾವು ಬಲಿತ ಕುಡಿಯ ತುದಿಯಲ್ಲಿ ಹೂ ಬಿಡುತ್ತದೆ. ಕೊಯ್ಲು ಮುಗಿದ ಕೂಡಲೇ ಸವರಿದರೆ ಹೊಸ ಚಿಗುರು ಬಲಿಯಲು ಸಮಯ ಸಿಗುತ್ತದೆ, ಚಳಿ ಆರಂಭವಾದಾಗ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ.

ತಾರಸಿಯಲ್ಲಿ ಬೆಳೆಸುವವರು ಭಾರವನ್ನೂ ಲೆಕ್ಕ ಹಾಕಬೇಕು. ನೂರು ಲೀಟರ್ ಹಿಡಿಸುವ ಡ್ರಮ್ಮಿನಲ್ಲಿ ಒದ್ದೆ ಮಣ್ಣು ತುಂಬಿದರೆ 150 ಕಿಲೊ ದಾಟುತ್ತದೆ. ಮಣ್ಣಿಗೆ ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಬೆರೆಸಿದರೆ ಭಾರ ಇಳಿಯುತ್ತದೆ. ಡ್ರಮ್ಮುಗಳನ್ನು ತಾರಸಿಯ ನಡುವೆ ಇಡುವುದಕ್ಕಿಂತ, ಕೆಳಗೆ ತೊಲೆ, ಗೋಡೆ ಇರುವ ಕಡೆ ಇಡುವುದು ಕ್ಷೇಮ.

ಬೆರ್ರಿಗಳ ಆಸೆ

ಅಂಗಡಿಯಲ್ಲಿ ಬ್ಲೂಬೆರಿಯ ಬೆಲೆ ಕಂಡವರಿಗೆ ಅದನ್ನು ಮನೆಯಲ್ಲೇ ಬೆಳೆಸುವ ಆಸೆ ಸಹಜ. ಆದರೆ ಬ್ಲೂಬೆರಿಗೆ ಬೇಕಾದ ಮಣ್ಣಿನ ಪಿಎಚ್ 4.5ರಿಂದ 5.5. ಅಷ್ಟು ಹುಳಿಮಣ್ಣು ಬಯಲುಸೀಮೆಯಲ್ಲಿ ಅಪರೂಪ. ಕುಂಡದಲ್ಲಿ ಹುಳಿಮಣ್ಣು ತುಂಬಿದರೂ ಕೊಳವೆಬಾವಿಯ ಗಡಸು ನೀರು ತಿಂಗಳುಗಳಲ್ಲೇ ಅದನ್ನು ಕ್ಷಾರವಾಗಿಸುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗದೆ ಎಲೆ ಹಳದಿಯಾಗುತ್ತದೆ. ಮಳೆನೀರು ಕೂಡಿಟ್ಟುಕೊಂಡು, ಕಡಿಮೆ ಚಳಿಯ ತಳಿ ಹುಡುಕಿ ತಂದವರಿಗಷ್ಟೇ ಅದು ದಕ್ಕೀತು.

ಸ್ಟ್ರಾಬೆರಿ ಅಷ್ಟು ಕಷ್ಟದ್ದಲ್ಲ. ಮಳೆ ಹಿಂದಾದ ಮೇಲೆ ಅಕ್ಟೋಬರ್ ಸುಮಾರಿಗೆ ನೆಟ್ಟರೆ ಚಳಿಗಾಲದಲ್ಲಿ ಹಣ್ಣು. ಅದರ ಮೈಮೇಲಿನ ಕಾಳುಗಳಲ್ಲಿ ಒಂದೊಂದೂ ಆಕ್ಸಿನ್ ಒಸರಿ ತನ್ನ ಸುತ್ತಲಿನ ತಿರುಳನ್ನು ಉಬ್ಬಿಸುತ್ತದೆ. ಪರಾಗ ತಾಗದ ಕಾಳಿನ ಕಡೆ ತಿರುಳು ಬೆಳೆಯದೆ ಹಣ್ಣು ಸೊಟ್ಟಗಾಗುತ್ತದೆ. ಬಾಲ್ಕನಿಗೆ ಜೇನು ಬಾರದಿದ್ದರೆ ಹೂವಿನ ಮೇಲೆ ಕುಂಚ ಆಡಿಸಿ.

ಇವೆರಡಕ್ಕೂ ಮೊದಲು ನಾನು ಸೂಚಿಸುವುದು ನಮ್ಮ ಬಿಸಿಲಿಗೆ ಒಗ್ಗಿದ ಸಣ್ಣ ಹಣ್ಣುಗಳನ್ನು. ಹಿಪ್ಪುನೇರಳೆಯ ಕಡ್ಡಿ ಊರಿದರೂ ಚಿಗುರುತ್ತದೆ. ಸವರಿ ಎಲೆ ಬಿಡಿಸಿದರೆ ಹೊಸ ಚಿಗುರಿನ ಜೊತೆಗೇ ಹಣ್ಣು ಬರುತ್ತದೆ. ಆದರೆ ಇದರಲ್ಲೂ ಗಂಡು ಗಿಡಗಳಿವೆ, ರೇಷ್ಮೆಗೆಂದು ಬೆಳೆಸುವ ತಳಿಗಳನ್ನು ಸೊಪ್ಪಿಗಾಗಿ ಆರಿಸಿರುತ್ತಾರೆ. ಆದ್ದರಿಂದ ಹಣ್ಣು ಬಿಡುತ್ತಿರುವುದನ್ನು ಕಣ್ಣಾರೆ ಕಂಡ ಗಿಡದಿಂದಲೇ ಕಡ್ಡಿ ತನ್ನಿ. ಕುರುಚಲು ಕಾಡಿನ ಕವಳಿ ಮುಳ್ಳಿನ ಬೇಲಿಯೂ ಹೌದು, ಉಪ್ಪಿನಕಾಯಿಯೂ ಹೌದು. ಬಾರ್ಬಡೋಸ್ ಚೆರ್ರಿಯ ನೂರು ಗ್ರಾಂ ಹಣ್ಣಿನಲ್ಲಿ ಸಾವಿರ ಮಿಲಿಗ್ರಾಂಗೂ ಹೆಚ್ಚು ‘ಸಿ’ ಜೀವಸತ್ವ ಇರುತ್ತದೆ, ಕಿತ್ತಳೆಯಲ್ಲಿ ಇರುವುದು ಸುಮಾರು ಐವತ್ತು. ಗುಪ್ಪಟೆ ಹಣ್ಣು ಬಿತ್ತಿದ ವರ್ಷವೇ ಬಿಡುತ್ತದೆ. ಅದರ ಹೊದಿಕೆ ಒಣಗಿ ಕಾಗದದಂತಾಗಿ ಒಳಗಿನ ಹಣ್ಣು ಹೊಂಬಣ್ಣಕ್ಕೆ ತಿರುಗಿದ ಮೇಲಷ್ಟೇ ತಿನ್ನಬೇಕು, ಹಸಿರು ಕಾಯಿಯಲ್ಲಿ ವಿಷದ ಅಂಶವಿದೆ.

ನೆಟ್ಟ ಮೇಲೆ

ಆಯ್ಕೆ ಸರಿಯಾದರೆ ಆರೈಕೆ ಹಗುರ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಹುಡುಕಿ, ಮುಂಗಾರು ಶುರುವಾದಾಗ ನೆಡಿ. ಕಸಿಯ ಗಂಟು ನೆಲದಿಂದ ಮೇಲಿರಲಿ. ಗಂಟಿನ ಕೆಳಗಿನಿಂದ ಏಳುವ ಚಿಗುರು ಬೇರುಗಿಡದ್ದು. ಬಲವಾಗಿ ಬೆಳೆಯುತ್ತದೆಂದು ಅದನ್ನು ಬಿಟ್ಟರೆ ಮೇಲಿನ ಒಳ್ಳೆಯ ತಳಿಯೇ ಸೊರಗುತ್ತದೆ, ಕಂಡ ಕೂಡಲೇ ತೆಗೆಯಿರಿ. ಬುಡದ ಸುತ್ತ ತರಗೆಲೆ ಹೊದಿಸಿ. ಮಾವಿನ ಕಸಿ ಮೊದಲ ಎರಡು ಮೂರು ವರ್ಷ ಹೂ ಬಿಟ್ಟರೆ ಚಿವುಟಿ ಹಾಕಿ. ಎಳೆಯ ಗಿಡದ ಎಲೆಗಳು ತಯಾರಿಸುವ ಆಹಾರ ಮೊದಲು ಬೇರಿಗೆ, ರೆಂಬೆಗೆ ಸೇರಬೇಕು.

ದೊಡ್ಡ ಮರದಲ್ಲಿ ಹೀಚು ಉದುರಿದರೆ ಗಾಬರಿ ಬೇಡ. ಮಾವಿನ ಗೊಂಚಲಿನ ಸಾವಿರಾರು ಹೂಗಳಲ್ಲಿ ನೂರಕ್ಕೆ ಒಂದೂ ಹಣ್ಣಾಗುವುದಿಲ್ಲ, ಮರ ತಾನು ಸಾಕಬಲ್ಲಷ್ಟನ್ನೇ ಉಳಿಸಿಕೊಳ್ಳುತ್ತದೆ. ದಾಳಿಂಬೆ ಬಿರಿಯುತ್ತಿದ್ದರೆ ನೀರಿನ ಏರುಪೇರನ್ನು ನೋಡಿ. ಒಣಗಿದ ಮಣ್ಣಿಗೆ ಒಮ್ಮೆಲೇ ನೀರು ಬಿದ್ದಾಗ ಒಳಗಿನ ಕಾಳು ಉಬ್ಬುವ ವೇಗಕ್ಕೆ ಸಿಪ್ಪೆ ಹಿಗ್ಗಲಾರದು. ಸ್ವಲ್ಪಸ್ವಲ್ಪವಾಗಿ, ತಪ್ಪದೆ ನೀರು ಕೊಟ್ಟರೆ ಬಿರಿಯುವುದು ಕಡಿಮೆಯಾಗುತ್ತದೆ.

ಸೀಬೆ, ಮಾವಿನೊಳಗಿನ ಹುಳು ಹಣ್ಣುನೊಣದ ಮರಿ. ಹೆಣ್ಣುನೊಣ ಸಿಪ್ಪೆಯಡಿ ಮೊಟ್ಟೆ ಚುಚ್ಚುತ್ತದೆ, ಹಣ್ಣು ತಿಂದು ಬೆಳೆದ ಮರಿ ಮಣ್ಣಿಗಿಳಿದು ಕೋಶವಾಗಿ ಮತ್ತೆ ನೊಣವಾಗಿ ಏಳುತ್ತದೆ. ಕಾಯಿ ನಿಂಬೆಯ ಗಾತ್ರಕ್ಕೆ ಬಂದಾಗ ಕಾಗದದ ಚೀಲ ಕಟ್ಟಿದರೆ ಮೊಟ್ಟೆಯಿಡಲು ಅವಕಾಶವಿಲ್ಲ. ಉದುರಿದ ಹಣ್ಣನ್ನು ಅಂದಂದೇ ಆರಿಸಿ ಆಳಕ್ಕೆ ಹೂತರೆ ಮುಂದಿನ ಪೀಳಿಗೆ ಕಡಿಮೆ. ಮೀಥೈಲ್ ಯೂಜಿನಾಲ್ ಬಲೆ ಗಂಡುನೊಣಗಳನ್ನು ಸೆಳೆದು ಸಂತಾನವನ್ನು ತಗ್ಗಿಸುತ್ತದೆ. ಮನೆಯ ಹಣ್ಣಿಗೆ ಕೀಟನಾಶಕ ಸಿಂಪಡಿಸುವ ಮೊದಲು ಈ ಮೂರನ್ನೂ ಮಾಡಿ. ಹೂವಿನ ಹೊತ್ತಿನಲ್ಲಿ ಹೊಡೆದ ವಿಷ ಪರಾಗ ತರುವ ಜೇನನ್ನೂ ಕೊಲ್ಲುತ್ತದೆ. ಹಕ್ಕಿ, ಬಾವಲಿಗಳಿಗೆ ಮೇಲಿನ ರೆಂಬೆಯ ಒಂದಿಷ್ಟು ಹಣ್ಣು ಬಿಡಿ, ಅವು ಕಚ್ಚಿದ್ದನ್ನು ಮಾತ್ರ ನಾವು ತಿನ್ನಬಾರದು.

ಗಿಡ ಕೊಳ್ಳಲು ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರಗಳು, ಹೆಸರಘಟ್ಟದ ಸಂಸ್ಥೆ, ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ, ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳನ್ನು ಮೊದಲು ವಿಚಾರಿಸಿ. ಎಲ್ಲಿ ಕೊಂಡರೂ ತಳಿಯ ಹೆಸರೇನು, ಕಸಿಯೋ ಬೀಜದ್ದೋ, ಜೊತೆಗೆ ಇನ್ನೊಂದು ಗಿಡ ಬೇಕೋ, ಎಷ್ಟು ಎತ್ತರ ಬೆಳೆಯುತ್ತದೆ ಎಂದು ಕೇಳಿ. ಕಸಿಯ ಗಂಟನ್ನು ಕಣ್ಣಿನಿಂದ ನೋಡಿ. ಈ ಪ್ರಶ್ನೆಗಳಿಗೆ ಉತ್ತರ ಸಿಗದ ಕಡೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಗಿಡ ಕೊಳ್ಳಬೇಡಿ.